ಹೊಟ್ಟೆಯೊಳಗೆ ಹತ್ತು ಲೀಟರು

ಹಾಲಿನ ಗಾಡಿ ಎಳೆಯುವ ಆ ಹೆಣ್ಣುಕುದುರೆಯ ಹೊಟ್ಟೆಯೊಳಗೆ ಕೀವಾಗಿತ್ತು. ಕರುಳನ್ನು ಸುತ್ತಿದ ಪೊರೆಗೆ ಸೋಂಕು. ಮೂರು ದಿನ ರಕ್ತನಾಳಕ್ಕೆ ಕೊಟ್ಟ ಔಷಧಿಗೆ ಜ್ವರ ಜಗ್ಗಲಿಲ್ಲ. ಮಾರನೆಯ ದಿನ ಮಧ್ಯಾಹ್ನ ನಾನು ಹೊಟ್ಟೆಯ ಅಡಿಭಾಗದಲ್ಲಿ ಸಣ್ಣ ರಂಧ್ರ ಮಾಡಿ ಕೊಳವೆ ಕೂರಿಸಿದೆ. ಆ್ಯಂಟಿಬಯಾಟಿಕ್ ಬೆರೆಸಿದ ಹತ್ತು ಲೀಟರು ಬೆಚ್ಚಗಿನ ಸಲೈನನ್ನು ಅದರ ಮೂಲಕ ನೇರ ಒಳಕ್ಕೆ ಬಿಟ್ಟು, ಕೊಳವೆಯ ಬಾಯಿ ಮುಚ್ಚಿದೆ.

“ಈಗ ಅರ್ಧ ಗಂಟೆ ನಡೆಸಿ,” ಎಂದೆ. “ಔಷಧಿ ಮೂಲೆಮೂಲೆಗೂ ಹೋಗ್ಬೇಕು. ನಿಂತ್ರೆ ತಳದಲ್ಲೇ ಕೂತುಬಿಡುತ್ತೆ. ಇದೂ ಕೈಕೊಟ್ರೆ ನನ್ನ ಹತ್ರ ಬೇರೆ ದಾರಿ ಇಲ್ಲ.”

ಹಾಲಿನವನು ಹಗ್ಗ ಜಗ್ಗಿದ. ಕುದುರೆ ಆಸ್ಪತ್ರೆಯ ಅಂಗಳದಲ್ಲಿ ಒಂದು ಹೆಜ್ಜೆ ಇಟ್ಟು, ಬೇರು ಬಿಟ್ಟಂತೆ ನಿಂತಿತು.

“ಹನ್ನೊಂದು ವರ್ಷದಿಂದ ದುಡೀತಿದ್ದಾಳೆ ಡಾಕ್ಟ್ರಮ್ಮ. ಸುಮ್‌ಸುಮ್ನೆ ಅಡ್ಡಾಡೋ ಅಭ್ಯಾಸ ಇಲ್ಲ.”

“ಇವರಿಗೆ ಅದೊಂದೇ ಅಭ್ಯಾಸ,” ಎಂದಳು ಅವನ ಹೆಂಡತಿ. ಅವಳು ಆ ಕುದುರೆಯನ್ನು ‘ನನ್ನ ಸವತಿ’ ಎಂದೇ ಕರೆಯುತ್ತಿದ್ದಳು. ಮೂರು ದಿನ ಊಟ ಬಿಟ್ಟು ಅದರ ಪಕ್ಕ ಕೂತವಳೂ ಅವಳೇ. ಗಾಡಿಯಿಂದ ಖಾಲಿ ಕ್ಯಾನು ತಂದು ಮುಚ್ಚಳ ಬಡಿದಳು. ಕುದುರೆಯ ಕಿವಿ ನೆಟ್ಟಗಾಯಿತು. ಗೇಟು ದಾಟಿ, ದಿನವೂ ಹಾಲು ಹಾಕುವ ಹಿಂದಿನ ಬೀದಿಗೆ ತಾನೇ ಹೊರಟಿತು.

ಮೊದಲ ಮನೆಯ ಮುಂದೆ ನಿಂತಿತು. ಮುಚ್ಚಳ ತೆಗೆದು, ಅಳತೆಯಿಂದ ಮೊಗೆದು, ಪಾತ್ರೆಗೆ ಸುರಿಯುವವರೆಗೆ ಅದು ಕದಲುವುದಿಲ್ಲ. ಕೆಲಸವೆಂದರೆ ಅದಕ್ಕೆ ಅಷ್ಟು ಖಚಿತ. ನಾನು ಗಡಿಯಾರ ನೋಡುತ್ತಿದ್ದೆ.

ಆ ಮನೆಯ ನಿವೃತ್ತ ಮೇಷ್ಟ್ರು ಪಾತ್ರೆ ಹಿಡಿದು ಬಂದರು. “ಅಂತೂ ಬಂದೆಯಲ್ಲಪ್ಪ. ಮೂರು ದಿನದಿಂದ ಬರೀ ಕಪ್ಪು ಕಾಫಿ.”

“ಹಾಲಿಲ್ಲ ಮೇಷ್ಟ್ರೇ. ಇದು ಔಷಧಿ ಮೆರವಣಿಗೆ. ಪಾತ್ರೆ ಸ್ವಲ್ಪ ಹಿಡೀರಿ,” ಎಂದ ಹಾಲಿನವನು.

ಹೆಂಡತಿ ಖಾಲಿ ಕ್ಯಾನಿನಿಂದ ಮೊಗೆದು ಖಾಲಿ ಪಾತ್ರೆಗೆ ಸುರಿದಳು. ಮೇಷ್ಟ್ರು ಬಗ್ಗಿ ನೋಡಿದರು.

“ಪರವಾಗಿಲ್ಲ. ಇವತ್ತು ನೀರು ಬೆರೆಸಿಲ್ಲ.”

ಕುದುರೆ ನಡೆಯಿತು. ಆದರೆ ಮುಂದಿನ ಮನೆಗಳಲ್ಲಿ ಬಾಗಿಲು ತಟ್ಟಬೇಕು, ಕಾಯಬೇಕು, ಕಥೆ ಹೇಳಬೇಕು. ಐದನೆಯ ಮನೆ ಮುಟ್ಟುವಾಗ ಹನ್ನೆರಡು ನಿಮಿಷ ಆಗಿತ್ತು. ಅದರಲ್ಲಿ ಒಂಬತ್ತು ನಿಂತಲ್ಲೇ ಹೋಗಿತ್ತು.

“ಹೀಗಾದ್ರೆ ಪ್ರಯೋಜನ ಇಲ್ಲ,” ಎಂದೆ.

ಹಾಲಿನವನು ಹಗ್ಗ ಎಳೆದು ನೋಡಿದ, ಕುದುರೆ ಆ ಬಾಗಿಲು ಬಿಟ್ಟು ಕದಲಲಿಲ್ಲ. ಹಿಂದೆಯೇ ಬಂದಿದ್ದ ಮೇಷ್ಟ್ರು ಅದನ್ನು ನೋಡಿ, ಪಂಚೆ ಎತ್ತಿ ಕಟ್ಟಿ, ಮುಂದಿನ ಮನೆಗಳ ಬಾಗಿಲು ಬಡಿಯುತ್ತ ಓಡಿದರು.

ಇಡೀ ಬೀದಿ ಖಾಲಿ ಪಾತ್ರೆ ಹಿಡಿದು ಗೇಟಿಗೆ ಬಂತು. ಈಗ ಒಂದು ಮನೆಗೆ ಹತ್ತೇ ಸೆಕೆಂಡು.

“ನಂಗೆ ಇವತ್ತು ಅರ್ಧ ಲೀಟ್ರು ಸಾಕಮ್ಮ, ನೆಂಟ್ರು ಹೋದ್ರು,” ಎಂದರು ಒಬ್ಬ ಅಜ್ಜಿ.

ಹೆಂಡತಿ ಅರ್ಧವೇ ಸುರಿದಳು.

ಮರಳಿ ಬಂದು ಕೊಳವೆ ತೆರೆದಾಗ ಒಂಬತ್ತು ಲೀಟರು ಹೊರಬಂತು, ಅಕ್ಕಿ ತೊಳೆದ ನೀರಿನಂತೆ. ಎಷ್ಟು ತಿಳಿಯಾಗಿದೆ ಎಂದು ನೋಡಲು ಅದನ್ನು ಗಾಜಿನ ಜಾಡಿಗೆ ತುಂಬಿ, ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದ ನಿಯಮಗಳ ಹಾಳೆಗೆ ಒತ್ತಿ ಹಿಡಿದೆ. ಒಂದಕ್ಷರವೂ ಕಾಣಲಿಲ್ಲ.

ಮರುದಿನವೂ ಔಷಧಿ, ಮರುದಿನವೂ ಬೀದಿ. ಜಾಡಿಯ ಮೂಲಕ ಹಾಳೆಯ ತಲೆಬರಹ ಮಂಕಾಗಿ ಕಂಡಿತು. ಮೂರನೆಯ ದಿನ ದಪ್ಪಕ್ಷರಗಳೆಲ್ಲ ಕಂಡವು. ನಾಲ್ಕನೆಯ ದಿನ ಜ್ವರ ಇಳಿದಿತ್ತು, ಆದರೂ ನಾನು ಬಾಯಿ ಬಿಡದೆ ಜಾಡಿಯನ್ನು ಹಾಲಿನವನ ಕೈಗೇ ಕೊಟ್ಟೆ.

ಅವನು ಅದನ್ನು ಹಾಳೆಗೆ ಹಿಡಿದು, ಕಣ್ಣು ಕಿರಿದು ಮಾಡಿ, ಮೇಲಿನ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದ. ಹದಿನಾಲ್ಕೂ ನಿಯಮ ಓದಿದ. ಕೆಳಗೆ ಇರುವೆ ಗಾತ್ರದಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದ. ಮುಗಿದ ಮೇಲೆ ಅವನ ಹೆಂಡತಿ, “ಇನ್ನೊಂದ್ಸಲ ಓದಿ,” ಎಂದಳು.