ಹಗ್ಗ ಹಿಡಿದವರ ಪಾಲು

ಕಡಲಿಗೆ ಎಣ್ಣೆ ಬಂದ ವರ್ಷ ನಮ್ಮ ಕೇರಿಯ ಎಲ್ಲರ ಹಿಮ್ಮಡಿಗಳೂ ಕಪ್ಪಾಗಿದ್ದವು. ಗಂಡಸರು, ಹೆಂಗಸರು, ಆಗಷ್ಟೇ ನಡೆಯಲು ಕಲಿತ ಕೂಸುಗಳು, ಯಾರನ್ನೂ ಅದು ಬಿಟ್ಟಿರಲಿಲ್ಲ. ಮರಳಿನ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಡಾಂಬರಿನಂಥ ಜಿಗುಟು ಪಾದಕ್ಕೆ ಮೆತ್ತಿಕೊಳ್ಳುತ್ತಿತ್ತು. ಸೋಪಿಗೆ ಅದು ಬಗ್ಗುತ್ತಿರಲಿಲ್ಲ. ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ತಿಕ್ಕಬೇಕು, ಆ ಉರಿ ಹೋಗಲು ಮೇಲೆ ತೆಂಗಿನೆಣ್ಣೆ ಹಚ್ಚಬೇಕು. ಒಂದು ಎಣ್ಣೆಯನ್ನು ತೆಗೆಯಲು ಇನ್ನೆರಡು ಎಣ್ಣೆ. ಸಗಣಿ ಹಾಕಿ ಸಾರಿಸಿದ ನನ್ನ ಜಗಲಿಯ ಮೇಲೆ ಆ ಹೆಜ್ಜೆ ಗುರುತುಗಳು ಮರುದಿನವೇ ಮೇಲೆದ್ದು ಬರುತ್ತಿದ್ದವು. ಸಾರಿಸಿ ಸಾರಿಸಿ ಬೇಸತ್ತು, ಕೊನೆಗೆ ಹಾಗೇ ಬಿಟ್ಟೆ.

ಎಣ್ಣೆ ಎಲ್ಲಿಂದ ಬಂತೆಂದು ಕೇಳಿ ತಿಳಿಯಬೇಕಾಗಿರಲಿಲ್ಲ. ಕಡಲ ನಡುವೆ ಕಬ್ಬಿಣದ ಕಾಲುಗಳ ಮೇಲೆ ಕಂಪನಿಯವರ ಅಟ್ಟ ನಿಂತಿತ್ತು. ನೆಲ ಕೊರೆದು ಎಣ್ಣೆ ತೆಗೆಯುವ ಆ ಅಟ್ಟ ನಮ್ಮ ದಡಕ್ಕೆ ಚೆನ್ನಾಗಿ ಕಾಣುತ್ತಿತ್ತು. ಅಲ್ಲಿ ಒಂದು ಕೊಳವೆ ಒಡೆಯಿತು. ಕಂಪನಿ ಮೊದಲು, ನಮ್ಮ ಕೊಳವೆ ಒಡೆದೇ ಇಲ್ಲ ಎಂದಿತು. ಆಮೇಲೆ, ದಾರಿಹೋಕ ಹಡಗು ಯಾವುದೋ ಚೆಲ್ಲಿ ಹೋಗಿರಬೇಕು ಎಂದಿತು. ಕೊನೆಗೆ, ಸ್ವಲ್ಪ ಸೋರಿದ್ದು ಹೌದು, ಆದರೆ ದಡದ ತನಕ ಬಂದಿಲ್ಲ ಎಂದಿತು. ಈ ಮೂರನೆಯ ಮಾತು ರೇಡಿಯೋದಲ್ಲಿ ಬರುವಾಗ ನಾನು ಕಾಲು ತಿಕ್ಕುತ್ತಾ ಕುಳಿತಿದ್ದೆ.

ಊರು ಸಿಟ್ಟಾಗಿತ್ತು. ಆ ಸಿಟ್ಟಿಗೆ ಸಂಜೀವ ಎಂಬ ಹುಡುಗ ಮುಂದಾಳಾದ. ಹುಡುಗ ಎಂದರೆ ನನಗೆ ಹುಡುಗ, ಅವನಿಗೆ ಆಗಲೇ ಎರಡು ಮಕ್ಕಳಿದ್ದವು. ಅವನ ಹಿಂದೆ ನಾವೆಲ್ಲ ಮೆರವಣಿಗೆ ಹೋದೆವು, ಪೇಟೆಯ ರಸ್ತೆಗೆ ಅಡ್ಡ ಕುಳಿತೆವು. ಎಣ್ಣೆ ಮೆತ್ತಿದ ಸತ್ತ ಮೀನನ್ನು ಬುಟ್ಟಿಗಟ್ಟಲೆ ತಂದು ಕಂಪನಿಯ ಆಫೀಸಿನ ಮೆಟ್ಟಿಲ ಮೇಲೆ ಸುರಿದೆವು. ನಾನೂ ಒಂದು ಬುಟ್ಟಿ ಸುರಿದೆ. ಒಳಗಿದ್ದವರು ಕಿಟಕಿ ಮುಚ್ಚಿಕೊಂಡರು, ಅಷ್ಟೇ. ಕಾವಲಿನವನೊಬ್ಬ ಹೊರಗೆ ಬಂದು ಮೆಟ್ಟಿಲಿಗೆ ನೀರು ಹಾಕಿದ. ಅವನೂ ನಮ್ಮ ಪಕ್ಕದ ಕೇರಿಯವನೇ, ಅವನಿಗೆ ಬೈದು ಏನು ಬಂತು? ನಮ್ಮ ಸಿಟ್ಟನ್ನು ಕೇಳಿಸಿಕೊಳ್ಳಲು ಕಂಪನಿಗೆ ಒಂದು ಮುಖವಿರಲಿಲ್ಲ. ಅದೇ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ದಣಿಸಿದ್ದು.

ನನ್ನ ಗಂಡ ನಮ್ಮ ಕೇರಿಯ ರಂಪಣಿ ಬಲೆಯ ತಾಂಡೇಲ, ಅಂದರೆ ಮುಖ್ಯಸ್ಥ. ಎಲ್ಲರೂ ಹೆರಿಯಣ್ಣ ಎನ್ನುತ್ತಿದ್ದರು. ರಂಪಣಿ ನೋಡಿಲ್ಲದವರಿಗೆ ಹೇಳುತ್ತೇನೆ. ಅದು ಇಡೀ ಊರೇ ದಡದಲ್ಲಿ ನಿಂತು ಎಳೆಯುವ ಬಲೆ. ದೋಣಿಯಲ್ಲಿ ಒಯ್ದು ಕಡಲಿಗೆ ಸುತ್ತು ಹಾಕಿ, ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತರುತ್ತಾರೆ. ಆಮೇಲೆ ಎಳೆಯುವುದೇ ಕೆಲಸ. ಆ ಹಗ್ಗಕ್ಕೊಂದು ಕಟ್ಟಳೆ ಇತ್ತು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಅವರು ಯಾವ ಊರು, ಯಾವ ಜಾತಿ, ನಿನ್ನೆ ನಿಮ್ಮೊಡನೆ ಜಗಳವಾಡಿದವರೋ ಅಲ್ಲವೋ ಎಂದು ಕೇಳುವಂತಿಲ್ಲ. ಪಾಲು ಕೊಡದೆ ಕಳಿಸಿದರೆ ಮರುವರ್ಷ ಮೀನು ಈ ದಡಕ್ಕೆ ಬೆನ್ನು ಹಾಕುತ್ತದೆ ಎಂಬ ನಂಬಿಕೆ. ಹಾಗೆಯೇ ಕೊಟ್ಟ ಪಾಲನ್ನು ಬೇಡವೆಂದರೆ ಅದು ಊರಿಗೇ ಮಾಡಿದ ಅವಮಾನ. ಎಳೆದವರಿಗೆ ಪಾಲು ಹಂಚುವುದು ತಾಂಡೇಲನ ಕೆಲಸ. ಮನೆಯಲ್ಲಿ ಸಾರು ಬಡಿಸಿಕೊಳ್ಳಲೂ ಬಾರದ ಮನುಷ್ಯ, ದಡದಲ್ಲಿ ಮಾತ್ರ ಅವರ ಕೈ ಎಂದೂ ತಪ್ಪುತ್ತಿರಲಿಲ್ಲ.

ಎಣ್ಣೆ ದಡದ ತನಕ ಬಂದಿದೆಯೋ ಇಲ್ಲವೋ ನೋಡಲು ಕಂಪನಿಯ ಒಬ್ಬ ಅಧಿಕಾರಿ ಬರುತ್ತಾನೆಂದು ಸುದ್ದಿಯಾಯಿತು. ಸಂಜೀವ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತ.

"ಹೆರಿಯಣ್ಣ, ಅವ ಬಪ್ಪ ದಿನ ರಂಪಣಿ ಬಿಡುವ. ಬಲೆಯೊಳ್ಗೆ ಎಂತ ಬತ್ತ್ ಅಂತ ಅವ್ನೇ ಕಾಣ್ಲಿ."

"ಎಣ್ಣೆಯೊಳ್ಗೆ ಬಲೆ ಬಿಟ್ರೆ ಬಲೆ ಹಾಳಾತ್ತ್ ಮಾರಾಯ," ಎಂದರು ಇವರು.

"ಊರೇ ಹಾಳಾಯ್ತಲ್ಲ."

ಬಲೆ ಬಿಡುವುದೆಂದಾಯಿತು.

ಬಂದ ಅಧಿಕಾರಿಯ ಹೆಸರು ಮಾನ್ವಿ. ಕಡಲು ಕಾಣದ ಬಯಲುಸೀಮೆಯ ಕಡೆಯವರು. ಹಣೆಯ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು, ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ. ಬೈಯಬೇಕೆಂದು ನಾವು ಹೆಂಗಸರು ಮಾತು ಕೂಡಿಟ್ಟುಕೊಂಡು ಬಂದಿದ್ದೆವು. ಆದರೆ ಎಳೆಯುವ ಕೆಲಸ ಶುರುವಾದ ಮೇಲೆ ಯಾರಿಗೂ ಉಸಿರು ಉಳಿಯಲಿಲ್ಲ. ಎಣ್ಣೆ ಕುಡಿದ ಬಲೆ ಕಲ್ಲಿನಷ್ಟು ಭಾರವಾಗಿತ್ತು. ಹಗ್ಗ ಜಾರುತ್ತಿತ್ತು. ಮುದುಕರು ಮಂಡಿಯೂರಿ ಬೀಳುತ್ತಿದ್ದರು. ಮಾನ್ವಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬೂಟು ಬಿಚ್ಚಿಟ್ಟು, ಪ್ಯಾಂಟು ಮಡಚಿಕೊಂಡು ಬಂದರು.

"ಯಜಮಾನ್ರ, ನಾನೂ ಒಂದ್ ಕೈ ಹಚ್ಚಲೇನ್ರಿ?"

ಇವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಮಾನ್ವಿ ಎಳೆದರು. ನಾಟಕಕ್ಕೆ ಎಳೆದವರಲ್ಲ, ಅದನ್ನು ನಾನು ಇಂದಿಗೂ ಹೇಳುತ್ತೇನೆ. ಅಂಗೈ ಸುಲಿದು ರಕ್ತ ಬಂದಿತ್ತು. ಬಲೆ ದಡ ಸೇರುವ ಹೊತ್ತಿಗೆ ಅವರ ಹಿಮ್ಮಡಿಯೂ ನಮ್ಮದರಂತೆಯೇ ಕಪ್ಪಾಗಿತ್ತು.

ಬಲೆಯ ತುಂಬ ಕರಿ ರಾಡಿ, ಸತ್ತ ಮೀನು, ಗುರುತು ಸಿಗದ ಏನೇನೋ. ಹೆಂಗಸರಲ್ಲಿ ಯಾರೋ ಅತ್ತರು. ಆದರೆ ಬಲೆಯ ಒಂದು ಮೂಲೆಯಲ್ಲಿ, ಹೇಗೆ ಬದುಕಿ ಉಳಿದಿದ್ದವೋ, ಒಂದಿಷ್ಟು ಬಂಗುಡೆ ಒದ್ದಾಡುತ್ತಿದ್ದವು. ಜೀವಂತ ಮೀನು ಬಂದ ಮೇಲೆ ಪಾಲು ಹಂಚಲೇಬೇಕು. ಇವರು ಅವನ್ನು ಆರಿಸಿ, ನೀರಲ್ಲಿ ಜಾಲಾಡಿ, ಒಬ್ಬೊಬ್ಬರಿಗೆ ಒಂದೊಂದರಂತೆ ಕೊಡುತ್ತಾ ಮಾನ್ವಿಯ ಹತ್ತಿರ ಬಂದರು.

"ಅವ್ರಿಗ್ ಬೇಡ ಹೆರಿಯಣ್ಣ," ಎಂದ ಸಂಜೀವ. "ಅವ್ರ್ ಕಂಪನಿಯವ್ರ್."

"ಹಗ್ಗ ಹಿಡ್ದಿರ್. ಅದ್ರಗೆ ಮತ್ತೆಂತ ಮಾತ್?"

ಮಾನ್ವಿ ಕೈ ಹಿಂದೆಗೆದರು. ಬೇಡವೆನ್ನಬಾರದೆಂದು ಇವರು ತಿಳಿಸಿ ಹೇಳಿದರು. ಆಗ ಅವರು ಎರಡೂ ಕೈ ಚಾಚಿ ಮೀನು ತೆಗೆದುಕೊಂಡು, ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ನಕ್ಕರು. ಕ್ಯಾಮೆರಾದವನು ಚಿತ್ರ ತೆಗೆದ. ಅಷ್ಟು ಹೊತ್ತು ಆ ಕರಿ ರಾಡಿಯ ಚಿತ್ರವನ್ನು ಅವನು ತೆಗೆದಿದ್ದನೋ ಇಲ್ಲವೋ ನಮಗೆ ಗೊತ್ತಿಲ್ಲ. ತೆಗೆದಿದ್ದರೂ ನಾವು ಅದನ್ನು ಎಲ್ಲಿಯೂ ಕಾಣಲಿಲ್ಲ.

ನಾವು ಕಂಡದ್ದು ಒಂದೇ ಚಿತ್ರ. ಪತ್ರಿಕೆಯಲ್ಲಿ ಬಂತು. ನನ್ನ ಗಂಡ ಹೊಳೆಯುವ ಬಂಗುಡೆ ಕೊಡುತ್ತಿದ್ದಾರೆ, ಕಂಪನಿಯ ಅಧಿಕಾರಿ ನಗುತ್ತಾ ತೆಗೆದುಕೊಳ್ಳುತ್ತಿದ್ದಾರೆ. ಮೀನುಗಾರಿಕೆ ಎಂದಿನಂತೆ ನಡೆದಿದೆ, ಮೊದಲ ಮೀನನ್ನು ಕಂಪನಿಗೆ ಪ್ರೀತಿಯಿಂದ ಅರ್ಪಿಸಿದ್ದಾರೆ ಎಂದು ಕೆಳಗೆ ಬರೆದಿತ್ತು. ಹೇಳಿ ಕೇಳಿ ನಮ್ಮೂರು. ಸಂಜೆಯೊಳಗೆ, ಹೆರಿಯಣ್ಣ ಏನನ್ನೋ ಇಸಿದುಕೊಂಡಿದ್ದಾನೆ ಎಂಬ ಮಾತು ಹುಟ್ಟಿತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಹಾಗಾಯಿತು. ಕಂಪನಿಗೆ ಮುಖವಿರಲಿಲ್ಲ, ನನ್ನ ಗಂಡನಿಗಿತ್ತು.

ಎಣ್ಣೆಯಿಂದಾದ ಹಾನಿಯ ಬಗ್ಗೆ ಸರ್ಕಾರ ಇಟ್ಟ ವಿಚಾರಣೆ ಹತ್ತಿರ ಬಂದಾಗ ಸಂಜೀವ ಮತ್ತೆ ಬಂದ. ಈ ಸಲ ಜಗಲಿ ಹತ್ತಲಿಲ್ಲ.

"ಕಂಪನಿ ವಕೀಲ ಆ ಚಿತ್ರ ತೋರ್ಸ್ತ. ಆ ಮೀನ್ ನಮ್ ಬಲೆದಲ್ಲ, ಬೇರೆ ಊರಿಂದ ತಂದದ್ದ್ ಅಂತ ನೀವ್ ಒಂದ್ ಮಾತ್ ಹೇಳಿ. ಊರ್ ಉಳಿತ್ತ್. ನಿಮ್ ಹೆಸ್ರೂ ಉಳಿತ್ತ್."

ಅವನು ಹೋದ ಮೇಲೆ ನಾನು ಬಾಯಿ ತೆರೆದೆ.

"ನೀವ್ ಒಂದ್ ಸುಳ್ಳ್ ಹೇಳಿರೆ ಕಡ್ಲೇನ್ ಒಣಗಿ ಹೋತ್ತಾ?"

"ಸುಳ್ಳ್ ಹೇಳುಕೆ ಬತ್ತಿಲ್ಲೆ ಅಂತಲ್ಲ. ನಿನ್ನತ್ರ ಎಷ್ಟ್ ಹೇಳಿದ್ದೆ," ಎಂದರು. ಆಮೇಲೆ, "ಕೊಟ್ಟ ಪಾಲ್ ಕೊಡ್ಲಿಲ್ಲ ಅಂತ ತಾಂಡೇಲನೇ ಹೇಳಿರೆ, ನಾಳೆ ನಮ್ ಹಗ್ಗ ಹಿಡುಕೆ ಯಾರ್ ಬತ್ರ್?"

ನನಗೆ ಮೈಯೆಲ್ಲ ಉರಿಯಿತು. ಅಂದು ಅವರಿಗೆ ಅನ್ನ ಬಡಿಸಿ, ಮುಖ ನೋಡದೆ ಮಲಗಿದೆ.

ವಿಚಾರಣೆಯ ದಿನ ಊರಿಗೆ ಊರೇ ಹೋಗಿ ಗೋಡೆಗೊರಗಿ ನಿಂತಿತ್ತು. ಕಂಪನಿಯವರ ಸಾಲಿನಲ್ಲಿ, ಹೊಳೆಯುವ ಬೂಟುಗಳ ನಡುವೆ, ಮಾನ್ವಿಯೂ ಕುಳಿತಿದ್ದರು. ವಕೀಲ ಚಿತ್ರ ತೋರಿಸಿ, ಈ ಮೀನು ಆ ದಿನ ನಿಮ್ಮ ಬಲೆಯಿಂದಲೇ ಬಂದದ್ದೋ ಎಂದು ಕೇಳಿದ.

"ಹೌದ್," ಎಂದರು ನನ್ನ ಗಂಡ.

"ನಿಮ್ಮ ಕೈಯಾರೆ ಕೊಟ್ಟಿರೋ?"

"ಹೌದ್. ಅವ್ರ್ ಹಗ್ಗ ಹಿಡ್ದಿರ್, ಅದ್ಕೆ. ನಮ್ಮಲ್ಲಿ ಹಗ್ಗ ಹಿಡ್ದವ್ರಿಗೆ..."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ," ಎಂದರು ವಿಚಾರಣೆಯ ಅಧಿಕಾರಿ. ಬೇಸರದ ದನಿ, ಗದರಿಕೆಯಲ್ಲ. ಅವರಿಗೂ ಊಟದ ಹೊತ್ತಾಗಿತ್ತು. ಬಲೆಯಲ್ಲಿ ಮತ್ತೇನು ಬಂದಿತ್ತೆಂದು ಯಾರೂ ಕೇಳಲಿಲ್ಲ. ಇವರು ಒಮ್ಮೆ ಮಾನ್ವಿಯ ಕಡೆ ನೋಡಿದರು. ನಾನೂ ನೋಡಿದೆ. ಎದ್ದು ನಿಂತು ಒಂದು ಮಾತು ಹೇಳಿದರೆ ಸಾಕಿತ್ತು. ಮಾನ್ವಿ ತಲೆ ಬಗ್ಗಿಸಿ ತಮ್ಮ ಅಂಗೈಯನ್ನು ಉಜ್ಜಿಕೊಳ್ಳುತ್ತಾ ಕುಳಿತರು.

ಈ ದಡದ ಮೀನುಗಾರಿಕೆಗೆ ಹೇಳಿಕೊಳ್ಳುವಂಥ ಹಾನಿ ಆಗಿಲ್ಲ ಎಂದು ತೀರ್ಪು ಬಂತು. ಕಂಪನಿ ತನ್ನ ಅಟ್ಟಕ್ಕೆ ಹೊಸ ಬಣ್ಣ ಬಳಿಯಿತು. ಊರಿನವರು ನಮಗೆ ಕಲ್ಲು ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಮರುವರ್ಷ ಇವರು ದಡದಲ್ಲಿ ನಿಂತು ಎಂದಿನಂತೆ ಕೂಗು ಹಾಕಿದಾಗ ಯಾರ ಮನೆಯ ಬಾಗಿಲೂ ತೆರೆಯಲಿಲ್ಲ, ಅಷ್ಟೇ. ಬಿಸಿಲೇರುವ ತನಕ ಕೂಗಿ, ದನಿ ಒಡೆದ ಮೇಲೆ ಮನೆಗೆ ಬಂದರು. ರಂಪಣಿ ಬಲೆಯನ್ನು ಹರಿದು ತುಂಡು ಮಾಡಿ ಅವರವರು ಹಂಚಿಕೊಂಡರು. ಸಂಜೀವ ಊರು ಬಿಟ್ಟು ಬಂದರಿನ ಕಡೆ ಕೂಲಿಗೆ ಹೋದ. ಇಬ್ಬರೇ ಎಳೆಯಬಹುದಾದ ಒಂದು ಸಣ್ಣ ಬಲೆ ಕಟ್ಟಿಕೊಂಡು ನಾವು ಗಂಡ ಹೆಂಡತಿ ದಿನ ದೂಡಿದೆವು. ನಾನು ಅವರನ್ನು ಕ್ಷಮಿಸಿದೆನೋ ಇಲ್ಲವೋ, ಯೋಚಿಸಲು ಪುರುಸೊತ್ತಿರಲಿಲ್ಲ. ಒಂದು ತುದಿ ಅವರು ಹಿಡಿದರೆ ಇನ್ನೊಂದು ತುದಿಯನ್ನು ನಾನೇ ಹಿಡಿಯಬೇಕಿತ್ತು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮಾನ್ವಿ ಬಂದರು. ಒಬ್ಬರೇ ಬಂದಿದ್ದರು, ಬಸ್ಸಿನಲ್ಲಿ. ಕೂದಲು ಬೆಳ್ಳಗಾಗಿತ್ತು. ನಾವು ಬಲೆ ಎಳೆಯುತ್ತಿದ್ದೆವು. ಅವರು ಮರಳ ಮೇಲೆ ಚಪ್ಪಲಿ ಕಳಚಿ ಇವರ ಹತ್ತಿರ ನಿಂತರು.

"ಯಜಮಾನ್ರ, ಆ ಮೀನ ತಿನ್ನಾಕ ಆಗ್ಲಿಲ್ರಿ. ನಮ್ಮ ಮನಿಯಾಕಿ ಒಲಿ ಮ್ಯಾಲಿಟ್ಟಕೂಡ್ಲೇ ಮನಿ ತುಂಬ ಸೀಮಿಎಣ್ಣಿ ವಾಸನಿ. ನಾಯಿನೂ ಮೂಸಲಿಲ್ಲ. ಅವತ್ತ ವಿಚಾರಣಿಯೊಳಗ ಎದ್ದು ನಿಂತು ಹೇಳಬೇಕಾಗಿತ್ರಿ. ನೌಕರಿ ಹೋಗತೈತಿ ಅಂತ ಸುಮ್ಮನ ಕುಂತೆ."

ಇವರು ಎಳೆಯುತ್ತಲೇ ಇದ್ದರು. "ಈಗ ನೌಕ್ರಿ ಇತ್ತಾ?" ಎಂದು ಕೇಳಿದರು.

"ಹೋದ ತಿಂಗಳು ನಿವೃತ್ತಿ ಆತ್ರಿ."

ನಿವೃತ್ತಿಯಾದ ಮೇಲೆ ಬಂದ ಸತ್ಯವನ್ನು ಯಾವ ಒಲೆಯ ಮೇಲಿಡುವುದು? ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ಆ ಮಾತು ನನ್ನ ಬಾಯಿಯ ತನಕ ಬಂದಿತ್ತು. ಆದರೆ ಅಷ್ಟರಲ್ಲಿ ತೆರೆ ಬಂದು ಬಲೆ ಜಗ್ಗಿತು, ನನ್ನ ಕಾಲು ಜಾರಿತು. ಮಾನ್ವಿ ಬೇಗ ಮುಂದೆ ಬಂದು ನನ್ನ ಕಡೆಯ ಹಗ್ಗಕ್ಕೆ ಕೈ ಚಾಚಿದರು.

"ಮುಟ್ಬೇಡಿ," ಎಂದರು ನನ್ನ ಗಂಡ.

ದನಿ ಎತ್ತಿರಲಿಲ್ಲ. ಅಷ್ಟು ವರ್ಷಗಳ ಬಾಳ್ವೆಯಲ್ಲಿ ಆ ಮನುಷ್ಯ ಯಾರಿಗೂ ಹಗ್ಗ ಮುಟ್ಟಬೇಡ ಎಂದದ್ದನ್ನು ನಾನು ಕೇಳಿರಲಿಲ್ಲ. ಕುಡುಕರಿಗೆ ಎಂದಿರಲಿಲ್ಲ, ಕಳ್ಳರಿಗೆ ಎಂದಿರಲಿಲ್ಲ, ತಮ್ಮ ಬಗ್ಗೆ ಇಲ್ಲದ್ದು ಹಬ್ಬಿಸಿದವರಿಗೂ ಎಂದಿರಲಿಲ್ಲ. ಕಂಪನಿ ನಮ್ಮಿಂದ ಏನನ್ನು ಕಿತ್ತುಕೊಂಡಿತೆಂದು ನನಗೆ ಸರಿಯಾಗಿ ತಿಳಿದದ್ದು ಆಗ. ಮೇಲೆದ್ದು ಹಗ್ಗ ಹಿಡಿದು ನಾನೇ ಎಳೆದೆ. ಮಾನ್ವಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೈಸಿಕೊಂಡವರಂತೆ ನಿಂತರು.

ಬಲೆ ದಡಕ್ಕೆ ಬಂತು. ಮೀನು ಹೆಚ್ಚಿರಲಿಲ್ಲ. ಇವರು ಕುಕ್ಕರಗಾಲಲ್ಲಿ ಕುಳಿತು, ಬಲೆ ಬಿಡಿಸಿ, ಎಂದಿನಂತೆ ಪಾಲು ಹಾಕತೊಡಗಿದರು. ನನ್ನದೊಂದು ಗುಡ್ಡೆ, ಅವರದೊಂದು ಗುಡ್ಡೆ. ಮನಸ್ಸು ಎಲ್ಲಿತ್ತೋ, ಕೈ ತನ್ನಷ್ಟಕ್ಕೆ ಇನ್ನೊಂದು ಗುಡ್ಡೆ ಹಾಕಿತು. ಹಾಕಿದ ಮೇಲೆ ಅದನ್ನು ನೋಡಿದರು. ನಾನೂ ನೋಡಿದೆ. ಮಾನ್ವಿಯೂ ನೋಡಿದರು.

ಅದನ್ನು ಎತ್ತಿ ಕೊಡಲು ಇವರ ಕೈ ಏಳಲಿಲ್ಲ, ನಮ್ಮದರ ಜೊತೆ ಸೇರಿಸಲೂ ಏಳಲಿಲ್ಲ. ನಮ್ಮ ಪಾಲನ್ನು ಬುಟ್ಟಿಗೆ ತುಂಬಿಕೊಂಡು ನಾವು ಮನೆಯ ಕಡೆ ನಡೆದೆವು. ಹಿತ್ತಲಿನ ತಿರುವಿನಲ್ಲಿ ನಾನು ಒಮ್ಮೆ ತಿರುಗಿ ನೋಡಿದೆ. ಮಾನ್ವಿ ಇನ್ನೂ ಅಲ್ಲೇ ನಿಂತಿದ್ದರು. ಅವರ ಮುಂದೆ ಆ ಮೂರನೆಯ ಗುಡ್ಡೆ ಒದ್ದೆ ಮರಳಿನ ಮೇಲೆ ಬಿಸಿಲಿಗೆ ಮಿನುಗುತ್ತಿತ್ತು, ತೆರೆ ಅದರ ಅಂಚಿನ ತನಕ ಬಂದು ಹಿಂದೆ ಸರಿಯುತ್ತಿತ್ತು.