ಅಧ್ಯಕ್ಷರ ಗ್ರೂಪು

"ಕಾಕಾ, ಫೋನಿಗೆ ಬಂದ ಕೋಡು ಯಾರಿಗರ ಕೊಟ್ರೇನು?" ಶೂ ಕಳಚುವ ಮೊದಲೇ ಶಿವಾನಿ ಕೇಳಿದಳು.

ವೀರಭದ್ರಪ್ಪ ಸೋಫಾದ ಮೂಲೆಯಲ್ಲಿ ಮುದುಡಿ ಕೂತಿದ್ದರು. "ಮಠದ ಸ್ವಾಮಿಗಳು ಮೆಸೇಜ್ ಮಾಡಿದ್ರವ್ವ. ಫೋಟೋನೂ ಅವರದ ಇತ್ತು. ಸ್ವಾಮಿಗಳು ಕೇಳಿದ್ರ ಇಲ್ಲ ಅನ್ನಾಕ ಬರ್ತೈತೇನು? ಚಪ್ಪಲಿ ಬಿಟ್ಟು, ಎದ್ದ ನಿಂತು ಕೊಟ್ಟೆ."

ಅಷ್ಟಕ್ಕೇ ಅವರ ವಾಟ್ಸಾಪ್ ಕಳ್ಳನ ಪಾಲಾಗಿತ್ತು. ಈಗ ಸಂಘದ ಗ್ರೂಪಿನಲ್ಲಿ ಅಧ್ಯಕ್ಷರ ಹೆಸರಿನಲ್ಲೇ ಅಪ್ಪಣೆ ಹೊರಟಿತ್ತು: ಮಠದ ದಾಸೋಹಕ್ಕೆ ಪ್ರತಿ ಮನೆಯವರೂ ಸಂಜೆಯೊಳಗೆ ಹಣ ಕಳಿಸತಕ್ಕದ್ದು.

ಕೆನಡಾದ ಮಿಸಿಸಾಗಾ, ಬ್ರ್ಯಾಂಪ್ಟನ್ ಸುತ್ತಿನ ಉತ್ತರ ಕರ್ನಾಟಕದ ಮನೆಗಳಲ್ಲಿ ವೀರಭದ್ರಪ್ಪನವರು ಅಂದದ್ದೇ ಕಾನೂನು. ಸಂಘ ಕಟ್ಟಿದಾಗಿನಿಂದ ಅವರೇ ಅಧ್ಯಕ್ಷರು. ಚುನಾವಣೆಯ ಮಾತೆತ್ತಿದವರಿಗೆ ಬಸವ ಜಯಂತಿಯ ದಿನ ಪಾತ್ರೆ ತೊಳೆಯುವ ಪಾಳಿ ಬೀಳುತ್ತಿತ್ತು. ಗ್ರೂಪಿನಲ್ಲಿ ಬರೆಯುವ ಹಕ್ಕೂ ಅವರೊಬ್ಬರಿಗೇ. ಮಿಕ್ಕವರು ಓದಬೇಕು, ಅಷ್ಟೆ. ಆದರೂ ಮನುಷ್ಯ ಚಿನ್ನ. ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತಂದು, ಕೋಟು ಕೊಡಿಸಿ, ಬಾಡಿಗೆಗೆ ಬೇಸ್‌ಮೆಂಟು ಹುಡುಕಿಕೊಟ್ಟವರು ಅವರೇ. ಅದಕ್ಕೇ ಜನ ಸಹಿಸಿಕೊಂಡಿದ್ದರು.

ಕಂಪನಿಗಳಿಗೆ ಇಂಥ ಕನ್ನ ಬಿದ್ದಾಗ ಹೋಗಿ ಸರಿಪಡಿಸುವುದೇ ಅವರ ಅಣ್ಣನ ಮಗಳು ಶಿವಾನಿಯ ಉದ್ಯೋಗ. "ಫಸ್ಟ್ ಎಲ್ಲಾರಿಗೂ ಹೇಳಬೇಕು ಕಾಕಾ. ಅಕೌಂಟ್ ವಾಪಸ್ ಬರೂತನಕ ಕಾಯಾಕ ಆಗೂದಿಲ್ಲ."

"ಗ್ರೂಪಿನ್ಯಾಗ ಯಾರರ ಹೇಳ್ತಾರ ಬಿಡು."

ಅಡುಗೆಮನೆಯಿಂದ ಅವರ ಹೆಂಡತಿ ಶಾರದವ್ವ ಇಣುಕಿದರು. "ಯಾರ ಹೇಳಬೇಕ್ರಿ? ಎಲ್ಲಾರ ಬಾಯಿಗೂ ಕೀಲಿ ಹಾಕಿದವರು ನೀವ. ಕೀಲಿಕೈ ಈಗ ಕಳ್ಳನ ಕೈಯಾಗ ಐತಿ."

ಶಿವಾನಿ ತನ್ನ ಫೋನಿನಲ್ಲಿ ಹೊಸ ಗ್ರೂಪು ತೆರೆದು, ಕಾಕಾನ ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಸೇರಿಸಿದಳು. ಇದರಲ್ಲಿ ಯಾರು ಬೇಕಾದರೂ ಮಾತಾಡಬಹುದಿತ್ತು. ಆದರೆ ಅವಳನ್ನು ನಂಬುವವರಾರು? ಹುಡುಗಿ ಕಾಕಾನ ಕುರ್ಚಿಗೇ ಕೈಹಾಕಿದಳು ಅಂದಾರು.

"ನಿಮ್ಮ ದನಿಯಾಗ ಹೇಳ್ರಿ. ಕೋಡು ಕೊಟ್ಟಿದ್ದೂ ಹೇಳ್ರಿ."

"ಹೇಳಿದ್ರ ನಾ ಅಧ್ಯಕ್ಷ ಉಳೀತೇನೇನವ್ವ?"

ಶಿವಾನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಉಳಿಯೂದಿಲ್ಲ ಕಾಕಾ."

ವೀರಭದ್ರಪ್ಪ ಎದ್ದು ನಿಂತರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಅವಳ ಫೋನನ್ನು ಮೈಕಿನಂತೆ ಬಾಯಿಗೆ ಹಿಡಿದರು. "ನಾ ವೀರಭದ್ರಪ್ಪ. ರೊಕ್ಕ ಕೇಳಾಂವ ನಾ ಅಲ್ಲ, ಕಳ್ಳ. ಒಂದ ಪೈಸಾನೂ ಕಳಸಬ್ಯಾಡ್ರಿ. ಅವಗ ಕೋಡು ಕೊಟ್ಟಾಂವ ನಾನ. ತಪ್ಪು ನಂದು. ಇನ್ನ ಮ್ಯಾಲೆ ಸಂಘ ಶಿವಾನಿ ನೋಡ್ಕೋತಾಳ."

ಕಳಿಸಿ, ಕಣ್ಣು ಮುಚ್ಚಿ ಕೂತರು. ಜನ ಉಗಿಯುತ್ತಾರೆಂದೇ ಅವರ ಲೆಕ್ಕ. ಫೋನು ಗುಂಯ್ಗುಟ್ಟಿತು, ಬಂದ ವಾಯ್ಸ್ ಮೆಸೇಜನ್ನು ಶಿವಾನಿ ಒತ್ತಿದಳು. ಪಕ್ಕದೂರು ಜಾರ್ಜ್‌ಟೌನಿನ ಮುದುಕಿ ಈರವ್ವನ ದನಿ.

"ಆ ಕಳ್ಳನ ಹೆಣಾ ಎತ್ತಲಿ. ಅಧ್ಯಕ್ಷರ, ಇಷ್ಟ ವರ್ಷ ನೀವು ಬರದದ್ದು ಓದಿ ಸುಮ್ಮ ಕುಂದರತಿದ್ದೆ. ಇವತ್ತರ ಕೇಳ್ತೀನಿ. ಊಟ ಆತೇನ್ರಿ?"

ವೀರಭದ್ರಪ್ಪ ಅದನ್ನೇ ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು. ಮೂರನೆಯ ಸಲ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಯಾವ ಗುಂಡಿಯನ್ನೂ ಒತ್ತದೆ, "ಇನ್ನೂ ಇಲ್ಲವ್ವ" ಎಂದರು.