ಸಾಸಿವೆ ಶಾಲೆ ಬಿಟ್ಟ ಕಾರಣ: ಆಮೆನ್ ಬಾಕಿ

೧

ಈ ಕಥೆಯ ಯಾವ ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ ಎಂಬುದು ನನಗಿನ್ನೂ ಗೊತ್ತಾಗಿಲ್ಲ. ಪ್ರಾರ್ಥನೆಯಿಂದ ಶುರು ಮಾಡಿದರೆ ಇದು ಭಕ್ತಿಯ ಕಥೆ ಎಂದುಕೊಂಡು ನೀವು ನೆಟ್ಟಗೆ ಕೂರುತ್ತೀರಿ. ಶಾಲೆಯಿಂದ ಶುರು ಮಾಡಿದರೆ ಶಿಕ್ಷಣ ವ್ಯವಸ್ಥೆಯ ಮೇಲೆ ಭಾಷಣ ಬಂತೆಂದು ಎದ್ದು ಹೋಗುತ್ತೀರಿ. ಹೋಗಲಿ, ಒಂದು ಭಾನುವಾರದಿಂದ ಶುರು ಮಾಡುತ್ತೇನೆ. (ಭಾನುವಾರ ಎಲ್ಲರಿಗೂ ರಜೆ. ತಕರಾರು ಕಡಿಮೆ.)

ಆರಾಧನೆ ಮುಗಿದು ಎಲ್ಲರೂ ಬೆಂಚು ಎತ್ತಿ ಗೋಡೆಗೆ ಸರಿಸುತ್ತಿದ್ದಾಗ ಪಾಸ್ಟರ್ ನಮ್ಮ ಕಥೆಯ ತಾಯಿಯ ಹತ್ತಿರ ಬಂದರು.

"ಸಿಸ್ಟರ್, ಮುಂದಿನ ವಾರ ನಿಮ್ಮ ಸಾಕ್ಷಿ. ಮಗಳನ್ನ ಶಾಲೆ ಬಿಡಿಸಿ ಮನೇಲೇ ಯಾಕೆ ಓದಿಸ್ತಿದ್ದೀರಿ ಅಂತ ಸಭೆ ಮುಂದೆ ಹೇಳಿ. ಇನ್ನೂ ನಾಲ್ಕು ಜನ ಯೋಚನೆ ಮಾಡ್ತಿದಾರೆ, ಅವರಿಗೂ ಧೈರ್ಯ ಬರುತ್ತೆ."

ಸಾಕ್ಷಿ ಎಂದರೆ ಕೋರ್ಟಿನದಲ್ಲ. ತನ್ನ ಬಾಳಿನಲ್ಲಿ ದೇವರು ಏನು ಮಾಡಿದ ಎಂದು ಮೈಕಿನ ಮುಂದೆ ನಿಂತು ಹೇಳುವುದು. ಇವರದು ಸಣ್ಣ ಸಭೆ, ದೊಡ್ಡ ಮೈಕು. ಒಮ್ಮೆ ಅದರಲ್ಲಿ ಹೇಳಿದಿರೋ ಮುಗಿಯಿತು, ಅದು ದೇವರ ಚಿತ್ತವಾಗಿಬಿಡುತ್ತದೆ. ಆಮೇಲೆ ಮನಸ್ಸು ಬದಲಾಯಿತು ಎನ್ನುವಂತಿಲ್ಲ. ಸಿಗರೇಟು ಬಿಟ್ಟೆನೆಂದು ಸಾಕ್ಷಿ ಹೇಳಿದ ಬಸ್ ಡ್ರೈವರ್ ಒಬ್ಬ ಈಗ ಡಿಪೋದ ಹಿಂದೆ ಕದ್ದು ಸೇದುತ್ತಾನೆ. ಪಾಪ, ಮೊದಲು ರಾಜಾರೋಷವಾಗಿ ಸೇದುತ್ತಿದ್ದವನು.

ತಾಯಿ ಲೆಕ್ಕ ಹಾಕಿದಳು. ಮಗಳಿಗೆ ಇನ್ನೂ ಹತ್ತು ವರ್ಷ. ಮೈಕಿನಲ್ಲಿ ಒಂದು 'ಯಾಕೆಂದರೆ' ಹೇಳಿದರೆ ಅವಳು ದೊಡ್ಡವಳಾಗುವ ತನಕ ಅಡುಗೆಮನೆಯ ಮೇಜಿಗೇ ಅಂಟಿಕೊಂಡಿರಬೇಕು. ಆದರೂ ಪಾಸ್ಟರಿಗೆ "ಆಗಲಿ" ಅಂದಳು. ಪಾಸ್ಟರಿಗೆ ಇಲ್ಲ ಅನ್ನುವುದನ್ನು ಅವಳು ಕಲಿತಿರಲಿಲ್ಲ.

೨

ಈಗ ಮನೆಯವರ ಪರಿಚಯ. ಬೇಗ ಮುಗಿಸುತ್ತೇನೆ.

ತಂದೆ ಲಿಫ್ಟ್ ಮೆಕ್ಯಾನಿಕ್. ಕೆಟ್ಟದ್ದನ್ನು ಕಂಡರೆ ಬಿಚ್ಚುತ್ತಾನೆ, ಕೆಡದ್ದನ್ನು ಕಂಡರೂ ಬಿಚ್ಚುತ್ತಾನೆ. ಮಾತು ಕಡಿಮೆ. ತಾಯಿ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವಳು. ಪ್ರೆಸ್ ಮುಚ್ಚಿತು, ಕೆಂಪು ಪೆನ್ಸಿಲ್ ಮನೆಗೆ ಬಂತು. ಮಗಳು ದಿನ ತುಂಬುವ ಮೊದಲೇ ಹುಟ್ಟಿದವಳು. "ನಂಬಿಕೆ ಸಾಸಿವೆ ಕಾಳಿನಷ್ಟಿದ್ರೂ ಸಾಕು, ಬೈಬಲ್ಲಲ್ಲೇ ಇದೆ" ಎಂದು ತಂದೆ ಆಸ್ಪತ್ರೆಯಲ್ಲಿ ಹೇಳಿದ್ದೇ ಹೆಸರಾಯಿತು. ಸಾಸಿವೆ.

ಶಾಲೆ ನಡೆಯುವುದು ಅಡುಗೆಮನೆಯಲ್ಲಿ. ಹಳೆಯ ಲಿಫ್ಟೊಂದರಿಂದ ತಂದೆ ಬಿಚ್ಚಿ ತಂದ ಗಂಟೆ ಗೋಡೆಯಲ್ಲಿದೆ. ತಾಯಿ ಗುಂಡಿ ಒತ್ತುತ್ತಾಳೆ, ಟಿಂಗ್ ಅನ್ನುತ್ತದೆ. ಆಮೇಲೆ ಹಾಜರಿ ಕರೆಯುತ್ತಾಳೆ. ಒಬ್ಬಳೇ ವಿದ್ಯಾರ್ಥಿನಿ "ಪ್ರೆಸೆಂಟ್ ಮಿಸ್" ಎಂದು ಎದ್ದು ನಿಲ್ಲುತ್ತಾಳೆ. ಮನೆಯಲ್ಲಿ ಪಾಠ ಎಂದರೆ ಹಾಯಾಗಿ ಮಲಗಿಕೊಂಡೂ ಕಲಿಯಬಹುದು ಎಂಬುದು ಇವರಿಗೆ ಹೊಳೆದೇ ಇಲ್ಲ. ಶಾಲೆ ಬಿಡಿಸಿ ಮನೆಯೊಳಗೆ ಶಾಲೆಯನ್ನೇ ಕಟ್ಟಿಕೊಂಡು ಕೂತಿದ್ದಾರೆ.

ಒಂದೇ ಒಂದು ವಿಷಯ. ಸಾಸಿವೆ ಬೆಂಚಿನ ತುದಿಯಲ್ಲಿ ಕೂರುತ್ತಾಳೆ. ಪಕ್ಕದಲ್ಲಿ ಇನ್ನೊಂದು ಹುಡುಗಿಗೆ ಆಗುವಷ್ಟು ಜಾಗ ಬಿಡುತ್ತಾಳೆ.

"ನಡುವೆ ಕೂತ್ಕೊಳ್ಳೇ, ಬಿದ್ದೀಯ."

"ಬೀಳಲ್ಲಮ್ಮ, ಅಭ್ಯಾಸ ಇದೆ."

ಆ ಜಾಗ ನೋಡಿದಾಗಲೆಲ್ಲ ತಾಯಿ ಬೇರೇನಾದರೂ ಕೆಲಸ ಹುಡುಕಿಕೊಳ್ಳುತ್ತಾಳೆ.

ಇನ್ನು ಕಾರಣಗಳು. ಅತ್ತೆಗೆ ತಾಯಿ ಹೇಳಿದ್ದು: "ಶಾಲೇಲಿ ಕೆಟ್ಟ ಮಾತು ಕಲೀತಾಳೆ." (ಸಾಸಿವೆಗೆ ಗೊತ್ತಿರುವ ಕೆಟ್ಟ ಮಾತೆಲ್ಲ ಅತ್ತೆಯಿಂದಲೇ ಬಂದದ್ದು.) ಪಕ್ಕದ ಮನೆಯ ನರ್ಸಮ್ಮನಿಗೆ: "ಒಂದೊಂದು ಮಗೂದು ಒಂದೊಂದು ವೇಗ ಅಲ್ವಾ?" ಸಭೆಯ ಹೆಂಗಸರಿಗೆ: "ನಂಬಿಕೇಲಿ ಬೆಳೀಲಿ ಅಂತ." ಇವನ್ನು ನಾನು ಗೇಲಿ ಮಾಡುತ್ತಿಲ್ಲ. ಇವೇ ಕಾರಣಗಳಿಗೆ ಮಕ್ಕಳನ್ನು ಮನೆಯಲ್ಲಿ ಓದಿಸಿ, ಚೆನ್ನಾಗಿ ಬೆಳೆಸಿದವರು ಬೇಕಾದಷ್ಟು ಜನ ಇದ್ದಾರೆ. ಅಂಥ ಒಬ್ಬ ಹುಡುಗ ನನ್ನ ಭಿನ್ನರಾಶಿ ತಿದ್ದಿದ್ದಾನೆ. ಕಾರಣಗಳು ಒಳ್ಳೆಯವೇ, ಆದರೆ ಇವಳವಲ್ಲ. ಪಕ್ಕದವರ ಅಂಗಿ ತೊಟ್ಟುಕೊಂಡು ಓಡಾಡಿದ ಹಾಗೆ, ಎಲ್ಲೋ ಕಂಕುಳಲ್ಲಿ ಹಿಡಿಯುತ್ತಿತ್ತು.

೨ (ಮತ್ತೆ)

ಮೊದಲ ಡ್ರಾಫ್ಟಿನಲ್ಲಿ ನಾನು ಶಾಲೆಯನ್ನು ರಾಕ್ಷಸರ ಗುಹೆ ಮಾಡಿದ್ದೆ. ಹೆಡ್‌ಮಿಸ್ಸಿಗೆ ಕೆಂಗಣ್ಣು, ತೆಳ್ಳನೆಯ ಮೀಸೆ. ಮಗುವಿನ ಕೈಯಿಂದ ಬೈಬಲ್ ಕಿತ್ತುಕೊಳ್ಳುವ ದೃಶ್ಯ ಬರೆದು ನನಗೆ ನಾನೇ ಶಭಾಷ್ ಹೇಳಿಕೊಂಡಿದ್ದೆ. ತಾಯಿ ಕೆಂಪು ಪೆನ್ಸಿಲ್ ಹಿಡಿದು ಬಂದಳು. (ನಾನು ಬರೆದ ಪ್ರತಿ ಪುಟವನ್ನೂ ಅವಳು ನೋಡುತ್ತಾಳೆ. ಕೊಡದಿದ್ದರೆ ಕಥೆಯಿಂದ ಎದ್ದು ಹೋಗುತ್ತೇನೆ ಎಂದು ಹೆದರಿಸಿದ್ದಾಳೆ.)

"ರೀ ಕಥೆಗಾರ್ರೇ, ಇದೇನಿದು? ಆಯಮ್ಮ ಎಷ್ಟು ಒಳ್ಳೆಯವ್ರು ಗೊತ್ತಾ? ಮೀಸೆ ಯಾಕೆ ಇಟ್ಟಿದೀರಿ?"

"ಕಥೆಗೆ ಒಬ್ಬ ಖಳ ಬೇಕಲ್ಲ ಸಿಸ್ಟರ್."

"ಬೇಕಿದ್ರೆ ನೀವೇ ಇಟ್ಕೊಳ್ಳಿ ಮೀಸೆ. ನಡೆದದ್ದನ್ನ ಬರೀರಿ."

ಸರಿ. ನಡೆದದ್ದು.

೩

ಈ ಮನೆಯಲ್ಲಿ ದಿನಾ ಸಂಜೆ ಪ್ರಾರ್ಥನೆ. ಕಣ್ಣು ಮುಚ್ಚಬೇಕು, ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಹೇಳಬೇಕು. ಕೊನೆಯಲ್ಲಿ ತಾಯಿ ಆಮೆನ್ ಅನ್ನುವವರೆಗೆ ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ. ಆದ್ದರಿಂದ ಮುಖ ನೋಡಿ ಹೇಳಲಾಗದ್ದೆಲ್ಲ ಈ ಮನೆಯಲ್ಲಿ ದೇವರ ಮೂಲಕವೇ ರವಾನೆಯಾಗುತ್ತದೆ.

ತಂದೆ: "ಕರ್ತನೇ, ಅಡುಗೆಗೆ ಎಷ್ಟು ಉಪ್ಪು ಹಾಕ್ಬೇಕು ಅನ್ನೋ ಜ್ಞಾನವನ್ನ ಈ ಮನೆಯವರಿಗೆ ದಯಪಾಲಿಸು."

ತಾಯಿ: "ಕರ್ತನೇ, ಗ್ರೀಸ್ ಕೈಯಲ್ಲಿ ಟವೆಲ್ ಮುಟ್ಟೋರನ್ನ ಕ್ಷಮಿಸು."

ಸಾಸಿವೆ: "ಕರ್ತನೇ, ಇವರಿಬ್ಬರಿಗೂ ಸಮಾಧಾನ ಕೊಡು. ನನಗೆ ಸೈಕಲ್ ಕೊಡು."

ಎಲ್ಲರ ಮನೆಯಲ್ಲೂ ಪ್ರಾರ್ಥನೆ ಎಂದರೆ ಇದೇ ಎಂದು ಸಾಸಿವೆ ನಂಬಿದ್ದಳು. ಶಾಲೆಯಲ್ಲಿ ಊಟದ ಡಬ್ಬಿ ತೆರೆದಾಗ ಕಣ್ಣು ಮುಚ್ಚಿ, ಗಟ್ಟಿಯಾಗಿ ಶುರು ಮಾಡಿದಳು.

"ಕರ್ತನೇ, ಹಿಂದಿನ ಬೆಂಚಿನವನು ನನ್ನ ರಬ್ಬರ್ ಕದ್ದಿದ್ದನ್ನ ಕ್ಷಮಿಸು. ಅದು ಅವನ ಚೀಲದ ಒಳಗಿನ ಜೇಬಲ್ಲಿದೆ. ಡ್ರಿಲ್ ಮಾಸ್ಟರು ಮೈದಾನಕ್ಕೆ ಬರದೆ ಗೊರಕೆ ಹೊಡೆಯೋದನ್ನ ಕ್ಷಮಿಸು. ಅವರಿಗೆ ಒಳ್ಳೆ ದಿಂಬು ಕೊಡು."

ನಾಲ್ಕು ದಿನದಲ್ಲಿ ಬೇರೆ ಕ್ಲಾಸಿನ ಮಕ್ಕಳೂ ಡಬ್ಬಿ ಹಿಡಿದು ಇವಳ ಬೆಂಚಿನ ಸುತ್ತ ಸೇರತೊಡಗಿದರು. ದೇವರಿಗೆ ಅಷ್ಟೊಂದು ಶ್ರೋತೃಗಳು ಪಾಸ್ಟರ್ ಮಾತಾಡಿದಾಗಲೂ ಸಿಕ್ಕಿರಲಿಲ್ಲ. ಡ್ರಿಲ್ ಮಾಸ್ಟರು ದೂರು ಕೊಟ್ಟರು. ಹೆಡ್‌ಮಿಸ್ ತಾಯಿಯನ್ನು ಕರೆಸಿ, ನಗು ತಡೆದುಕೊಳ್ಳುತ್ತ, "ಪ್ರಾರ್ಥನೆ ಮಾಡ್ಲಿ ಅಮ್ಮ, ನಮ್ದೇನೂ ಅಡ್ಡಿ ಇಲ್ಲ. ವಾರ್ತೆ ಓದೋದು ಬೇಡ" ಎಂದರು.

ಮರುದಿನವೇ ತಾಯಿ ಮಗಳನ್ನು ಶಾಲೆ ಬಿಡಿಸಿದಳು. ಸುದ್ದಿ ಬಾಯಿಂದ ಬಾಯಿಗೆ ದಾಟಿ ಸಭೆಗೆ ಬರುವಷ್ಟರಲ್ಲಿ "ಶಾಲೆಯವರು ಮಗುವಿನ ಪ್ರಾರ್ಥನೆ ನಿಲ್ಲಿಸಿದರು" ಎಂದಾಗಿತ್ತು. ಪಾಸ್ಟರಿಗೆ ಬೇಕಾದ ಸಾಕ್ಷಿ ಇದೇ. ತಾಯಿ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮೌನಕ್ಕೆ ಪ್ರೂಫ್ ನೋಡುವವರು ಯಾರು?

೪

"ನಾಲ್ಕನೇ ಭಾಗ ತೆಗೀರಿ" ಎಂದಳು ತಾಯಿ.

"ತೆಗೆದರೆ ಕಥೆಯೇ ಇಲ್ಲ. ವಾರ್ತೆ ಓದಿದ್ದಕ್ಕೆ ಯಾರಾದ್ರೂ ಮಗುವನ್ನ ಶಾಲೆ ಬಿಡಿಸ್ತಾರಾ? ಓದುಗರು ಕೇಳ್ತಾರೆ."

"ಕೇಳ್ಲಿ. ಅವರೇನು ನನ್ನ ನೆಂಟರಾ?"

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಕಂಸದೊಳಗೆ ಹಾಕುತ್ತೇನೆ, ದನಿ ತಗ್ಗಿಸಿ ಓದಿ.

(ಹೆಡ್‌ಮಿಸ್ ಆ ದಿನ ಇನ್ನೊಂದು ಮಾತು ಹೇಳಿದ್ದರು. ಬಾಗಿಲು ಮುಂದೆ ಮಾಡಿ, ಕುರ್ಚಿ ಹತ್ತಿರ ಎಳೆದುಕೊಂಡು. "ತಪ್ಪು ತಿಳ್ಕೋಬೇಡಿ. ಅವಳು ದಿನಾ ಕೊನೇಲಿ ಒಂದು ಸಾಲು ಹೇಳ್ತಾಳೆ. 'ಕರ್ತನೇ, ನಮ್ಮಮ್ಮ ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳೋದನ್ನ ನಿಲ್ಲಿಸು. ಅಪ್ಪ ನಲ್ಲಿಗೆ ಹೊಸ ವಾಷರ್ ಹಾಕಿದ್ರೂ ನಿಂತಿಲ್ಲ.' ನಿಮಗೆ ಯಾರ ಜೊತೆಗಾದ್ರೂ ಮಾತಾಡ್ಬೇಕು ಅನ್ಸಿದ್ರೆ, ನಾನಿದೀನಿ." ತಾಯಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇಡೀ ಶಾಲೆ ಡಬ್ಬಿ ತೆರೆದು ಕೂತು ಅವಳ ಅಳುವನ್ನು ಕೇಳಿಸಿಕೊಂಡಿತ್ತು. ಪ್ರೆಸ್ ಮುಚ್ಚಿದ ಮೇಲೆ, ಗಂಡ ಕೆಲಸಕ್ಕೆ ಹೋಗಿ, ಮಗಳು ಶಾಲೆಗೆ ಹೋಗಿ, ಮನೆ ಬಿಕೋ ಅನ್ನುತ್ತಿತ್ತು. ಅವರು ಹೊರಡುವ ಹೊತ್ತು ಬಂದರೆ ಸಾಕು, ಅಳು ಬರುತ್ತಿತ್ತು, ಅಷ್ಟೇ. ಅದಕ್ಕೆ ಹೆಸರಿಲ್ಲ. ಮಗಳು ಮನೆಯಲ್ಲಿ ಉಳಿದ ದಿನದಿಂದ ಅಳು ನಿಂತಿತು.)

ನೋಡಿ, ಕಾರಣ ಇಷ್ಟೇ. ಇದನ್ನು ದೊಡ್ಡ ಮೈಕಿನಲ್ಲಿ ಹೇಗೆ ಹೇಳುವುದು?

೫

ಬುಧವಾರವೋ ಗುರುವಾರವೋ ಸಾಸಿವೆ ನನ್ನ ಹತ್ತಿರ ಬಂದಳು. ತಾಯಿ ಬಟ್ಟೆ ಒಣಹಾಕುತ್ತಿದ್ದಳು.

"ಅಂಕಲ್, ಕಥೇಲಿ ನನ್ನನ್ನ ವಾಪಸ್ ಶಾಲೆಗೆ ಕಳಿಸ್ತೀರಾ?"

"ನಿಂಗೆ ಹೋಗ್ಬೇಕಾ?"

"ತುಂಬಾ ಹೋಗ್ಬೇಕು. ನನ್ನ ಪಕ್ಕದಲ್ಲಿ ಕೂರೋಳಿಗೆ ಈಗ ಯಾರೂ ಇಲ್ಲ. ಆದ್ರೆ ಕಳಿಸ್ಬೇಡಿ."

"ಅದ್ಯಾಕೆ?"

"ನಲ್ಲಿ ಮತ್ತೆ ಶುರುವಾಗತ್ತೆ."

ಅಷ್ಟು ಹೇಳಿ ಭೂಗೋಳದ ಪಾಠಕ್ಕೆ ಹೋದಳು. ಟಿಂಗ್. ಪ್ರೆಸೆಂಟ್ ಮಿಸ್.

ನನಗೆ ಅಳು ಬಂತು. ನನ್ನಂಥ ಕಥೆಗಾರರಿಗೆ ಇದು ಶೋಭಿಸುವುದಿಲ್ಲ. ನಾವು ಭಾವನೆ ಬಂದರೆ ಕಂಸ ಹಾಕಿಕೊಂಡು ತಮಾಷೆ ಮಾಡಬೇಕು, ಅದೇ ನಮ್ಮ ಕಸುಬು. ಕಂಸ ಹುಡುಕಿದೆ, ಸಿಗಲಿಲ್ಲ. ಆ ಪುಟವನ್ನು ಹಾಗೆಯೇ ಬರೆದು ತಾಯಿಯ ಮುಂದಿಟ್ಟೆ. ಮಗಳ ಗುಟ್ಟು ರಟ್ಟು ಮಾಡಿದೆ ಎಂದು ನೀವು ಬೈಯಬಹುದು, ಬೈಯಿರಿ. ಅವಳು ಎರಡು ಸಲ ಓದಿದಳು. ಒಂದು ಗೀಟೂ ಹಾಕಲಿಲ್ಲ. ಕೆಂಪು ಪೆನ್ಸಿಲನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋದಳು.

೬

ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಒಂದು: ತಾಯಿ ಮೈಕಿನ ಮುಂದೆ ಶಾಲೆಯವರ ದಬ್ಬಾಳಿಕೆಯನ್ನು ಮನ ಕರಗುವಂತೆ ಹೇಳುತ್ತಾಳೆ. ಚಪ್ಪಾಳೆ. ಅಲ್ಲೇ ಇನ್ನೂ ನಾಲ್ಕು ಮಕ್ಕಳು ಶಾಲೆ ಬಿಡುತ್ತಾರೆ. ಬಸ್ ಡ್ರೈವರ್ ಜೋರಾಗಿ "ಸ್ತೋತ್ರ" ಅನ್ನುತ್ತಾನೆ. ಅವನ ಬಾಯಿಂದ ಪುದೀನ ಪೆಪ್ಪರ್‌ಮಿಂಟಿನ ವಾಸನೆ. ಸಾಸಿವೆ ಬೆಂಚಿನ ತುದಿಯಲ್ಲಿ ಕೂತೇ ದೊಡ್ಡವಳಾಗುತ್ತಾಳೆ.

ಎರಡು: ತಾಯಿಗೆ ಶನಿವಾರವೇ ಜ್ವರ. ಇದನ್ನು ಬರೆದಾಗ ಅವಳು ನನ್ನನ್ನು ನೋಡಿದ ನೋಟಕ್ಕೆ ಹರಿದು ಹಾಕಿದೆ.

ಮೂರನೆಯದನ್ನು ನಾನು ಬರೆಯಲಿಲ್ಲ, ಅವಳೇ ಮಾಡಿದಳು.

ಭಾನುವಾರ ಪಾಸ್ಟರ್ ಕರೆದರು. ತಾಯಿ ಎದ್ದು ಹೋಗಿ ಮೈಕನ್ನು ತಗ್ಗಿಸಿದಳು. ಅದು ಕೀಂಯ್ ಎಂದಿತು. ಎಲ್ಲರ ಮುಖ ನೋಡಿದಳು. ಮುಖ ನೋಡಿ ಹೇಳುವ ಅಭ್ಯಾಸ ಆ ಮನೆಯವರಿಗೆಲ್ಲಿದೆ?

"ನಾವು ಪ್ರಾರ್ಥನೆ ಮಾಡೋಣ" ಎಂದಳು.

ಸಾಕ್ಷಿಗೆ ಮೊದಲು ಪ್ರಾರ್ಥನೆ ಇರಬೇಕೆಂದುಕೊಂಡು ಎಲ್ಲರೂ ಕಣ್ಣು ಮುಚ್ಚಿದರು. ಪಾಸ್ಟರೂ ಮುಚ್ಚಿದರು. ಇನ್ನು ಆಮೆನ್ ತನಕ ಅಡ್ಡ ಬಾಯಿ ಹಾಕುವಂತಿಲ್ಲ.

"ಕರ್ತನೇ, ನನ್ನ ಮಗಳನ್ನ ಮನೇಲಿಟ್ಕೊಂಡಿದ್ದು ನಿನಗೋಸ್ಕರ ಅಂತ ಇವರೆಲ್ಲ ಅಂದ್ಕೊಂಡಿದಾರೆ. ನಿನಗೆ ಗೊತ್ತಲ್ಲ, ನನಗೋಸ್ಕರ. ಶಾಲೆಯವರು ಏನೂ ಮಾಡ್ಲಿಲ್ಲ. ಒಬ್ಬಳೇ ಇರಕ್ಕೆ ನನಗೆ ಭಯ ಆಗ್ತಿತ್ತು. ಹತ್ತು ವರ್ಷದ ಮಗು ನನ್ನನ್ನ ಕಾಯ್ತಾ ಕೂತಿದೆ ಕರ್ತನೇ. ಅವಳನ್ನ ನಾಳೆ ಶಾಲೆಗೆ ಕಳಿಸೋ ಧೈರ್ಯ ಕೊಡು. ಅವಳು ಹೋದ್ಮೇಲೆ ಆ ಮನೇಲಿ ಕೂರೋ ಧೈರ್ಯಾನೂ ಕೊಡು."

ಸಭೆಯಲ್ಲಿ ಯಾರೋ ಕೆಮ್ಮಿ, ಅರ್ಧಕ್ಕೇ ನಿಲ್ಲಿಸಿದರು. ಆಮೆನ್ ಬರಲಿಲ್ಲ. ಆಗ ಗಂಡಸರ ಸಾಲಿನಿಂದ, ಮೈಕಿಲ್ಲದೆ, ಒಂದು ಒರಟು ದನಿ ಬಂತು. ಲಿಫ್ಟ್ ಮೆಕ್ಯಾನಿಕ್.

"ಕರ್ತನೇ, ನಾನು ಎರಡು ಸಲ ವಾಷರ್ ಬದಲಾಯಿಸ್ದೆ. ಹಳೇ ವಾಷರ್ ಚೆನ್ನಾಗೇ ಇತ್ತು. ಕೆಟ್ಟಿರೋದು ನಲ್ಲಿ ಅಲ್ಲ ಅಂತ ನಂಗೆ ಗೊತ್ತಿತ್ತು. ಬಾಗಿಲು ತಟ್ಟೋಕೆ ಬರ್ಲಿಲ್ಲ, ಅದಕ್ಕೇ ಸ್ಪ್ಯಾನರ್ ತಗೊಂಡೆ. ಕ್ಷಮಿಸು."

ಇದು ದೇವರಿಗೆ ಹೇಳಿದ್ದೋ ಹೆಂಡತಿಗೋ ಎಂದು ನನ್ನನ್ನು ಕೇಳಬೇಡಿ. ಆ ಮನೆಯಲ್ಲಿ ಅಂಚೆ ಹೋಗುವ ದಾರಿ ಒಂದೇ.

೭

ಈಗ ನಾನು ಸೋಮವಾರವನ್ನು ಬರೆಯಬೇಕು. ಸಾಸಿವೆ ಚೀಲ ಹಾಕಿಕೊಂಡು ಹೊರಟಳು, ನಲ್ಲಿ ಸುಮ್ಮನಿತ್ತು ಎಂದು. ಅಥವಾ ನಲ್ಲಿ ಸುರಿಯಿತು, ಈ ಸಲ ಬಾಗಿಲ ಹೊರಗೆ ಕೆಲಸಕ್ಕೆ ರಜೆ ಹಾಕಿದ ಒಬ್ಬ ಮೆಕ್ಯಾನಿಕ್ ಬರಿಗೈಯಲ್ಲಿ ನಿಂತಿದ್ದ ಎಂದು. ಪಾಸ್ಟರ್ ಮುನಿಸಿಕೊಂಡರೆಂದೋ, ಹೆಡ್‌ಮಿಸ್ ಜೊತೆ ತಾಯಿ ಕೂತು ಮಾತಾಡಿದಳೆಂದೋ ಬರೆಯಬಹುದು. ಆದರೆ ಸೋಮವಾರ ಬರಬೇಕಾದರೆ ಪ್ರಾರ್ಥನೆ ಮುಗಿಯಬೇಕು. ಮುಗಿಸಬೇಕಾದವಳು ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದಾಳೆ. ಮುಂದಿನ ಒಂದು ಪದ ಅವಳ ಬಾಯಲ್ಲೇ ಇದೆ. ಅದನ್ನು ನಾನು ಅವಳ ಬದಲು ಹೇಳುವುದಿಲ್ಲ.

ಸಭೆಯ ನಡುವೆ ಕಣ್ಣು ಮುಚ್ಚಿ ಕೂತಿದ್ದ ನಾನು ತಡೆಯಲಾರದೆ ಒಂದು ಕಣ್ಣು ತೆರೆದು ನೋಡಿದೆ. ಮುಂದಿನ ಸಾಲಿನಲ್ಲಿ ಸಾಸಿವೆ ಬೆಂಚಿನ ನಡುವೆ ಕೂತಿದ್ದಳು. ಅವಳದೂ ಒಂದು ಕಣ್ಣು ತೆರೆದಿತ್ತು.

"ಕಣ್ಣು ಮುಚ್ಚಿ ಅಂಕಲ್" ಎಂದು ಪಿಸುಗುಟ್ಟಿದಳು, "ಅಮ್ಮಂದು ಇನ್ನೂ ಮುಗಿದಿಲ್ಲ."